ಮಳೆ ಕೈಕೊಟ್ಟಿತು ಅನ್ನುವವರಿಗೆ ‘ಗಿವ್ ಎ ಹ್ಯಾಂಡ್’ ಯಾಕೆ ಕಷ್ಟವಾಗಬೇಕು?

ಇಂಗ್ಲಿಷ್ ಬರೋದಿಲ್ಲ ಅನ್ನುವವರ ಮಾತನ್ನು ಒಂದು ದಿನ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಬೈಕು ಎಷ್ಟಕ್ಕೆ ಬಿತ್ತು ಅಂತ ಕೇಳುತ್ತಾರೆ. ಹೆಡ್‌ಮಾಸ್ಟರ್ ಇವತ್ತು ರಜೆ ಅನ್ನುತ್ತಾರೆ. ಪಂಪಿನ ಫುಟ್‌ವಾಲ್ವ್ ಕೆಟ್ಟಿದೆ, ಟ್ರ್ಯಾಕ್ಟರಿನ ಒಂದು ಹೆಡ್‌ಲೈಟ್ ಉರಿಯುತ್ತಿಲ್ಲ, ಮಗನಿಗೆ ಕಂಪನಿಯಲ್ಲಿ ಇನ್‌ಹ್ಯಾಂಡ್ ಎಷ್ಟು ಸಿಗುತ್ತೋ ಗೊತ್ತಿಲ್ಲ, ಮಗಳು ರಾತ್ರಿಯೆಲ್ಲ ಕೂತು ಬೈಹಾರ್ಟ್ ಮಾಡುತ್ತಾಳೆ. ಇಷ್ಟು ಮಾತಿನಲ್ಲಿ ಇಂಗ್ಲಿಷಿನ ಕೈ ಎರಡು ಸಲ, ತಲೆ ಎರಡು ಸಲ, ಪಾದ ಒಂದು ಸಲ, ಹೃದಯ ಒಂದು ಸಲ ಬಂದುಹೋಯಿತು. ಯಾರಿಗೂ ಏನೂ ತೊಂದರೆ ಆಗಲಿಲ್ಲ.

ಅದೇ ಮಗಳು ಪರೀಕ್ಷೆಯ ಗೈಡು ತೆರೆದು ‘ಈಡಿಯಮ್ಸ್ ಅಂಡ್ ಫ್ರೇಸಸ್’ ಪುಟಕ್ಕೆ ಬಂದಾಗ ಕೈಕಾಲು ತಣ್ಣಗಾಗುತ್ತದೆ. ಎಡಗಡೆ ‘ಟು ಗೆಟ್ ಕೋಲ್ಡ್ ಫೀಟ್’. ಬಲಗಡೆ ಅದರ ಅರ್ಥ, ಅದೂ ಇಂಗ್ಲಿಷಿನಲ್ಲೇ. ಕೋಲ್ಡ್ ಗೊತ್ತು, ಫೀಟ್ ಗೊತ್ತು. ಎರಡೂ ಸೇರಿ ‘ಕೊನೇ ಗಳಿಗೆಯಲ್ಲಿ ಹೆದರಿ ಹಿಂದೆ ಸರಿ’ ಅಂತ ಹೇಗಾಯಿತು? ಹೇಳುವವರಿಲ್ಲ. ಕೆಳಗೆ ಇನ್ನೂ ನಲವತ್ತು ಸಾಲು ಕಾದಿವೆ. ಸರಿ, ಬೈಹಾರ್ಟ್ ಮಾಡು.

ಈಗ ತಾನೇ ‘ಕೈಕಾಲು ತಣ್ಣಗಾಗುತ್ತದೆ’ ಅಂತ ಬರೆದೆ. ನೀವು ಓದಿ ಮುಂದೆ ಬಂದಿರಿ, ಯಾವ ಗೈಡೂ ಬೇಕಾಗಲಿಲ್ಲ. ಹೆದರಿದಾಗ ಕೈಕಾಲು ತಣ್ಣಗಾಗುವುದು ಇಂಗ್ಲೆಂಡಿನವರ ಮೈಗೂ ಒಂದೇ, ನಮ್ಮ ಮೈಗೂ ಒಂದೇ. ನಾವು ಕೈಯನ್ನೂ ಸೇರಿಸಿಕೊಂಡೆವು, ಅವರು ಪಾದಕ್ಕೆ ನಿಲ್ಲಿಸಿದರು, ಜೊತೆಗೆ ಹಿಂದೆ ಸರಿಯುವ ಅರ್ಥವನ್ನೂ ಇಟ್ಟುಕೊಂಡರು. ವ್ಯತ್ಯಾಸ ಅಷ್ಟೇ. ಈ ಒಂದು ಮಾತನ್ನು ಕ್ಲಾಸಿನಲ್ಲಿ ಯಾರಾದರೂ ಹೇಳಿದ್ದರೆ ಆ ಸಾಲು ಬಾಯಿಪಾಠ ಮಾಡುವ ಸಾಲಾಗುತ್ತಿರಲಿಲ್ಲ.

ನನ್ನ ತಕರಾರು ಇದೇ. ಹಳ್ಳಿಯ ಮಕ್ಕಳಿಗೆ ಇಂಗ್ಲಿಷಿನ ಮೈಮಾತುಗಳು ಕಷ್ಟವಾಗುತ್ತಿರುವುದು ಅವರಿಗೆ ಇಂಗ್ಲಿಷ್ ಕಡಿಮೆ ಅಂತಲ್ಲ. ಅವರ ಬಳಿ ಇರುವ ಕನ್ನಡವನ್ನು ತರಗತಿಯ ಬಾಗಿಲಲ್ಲೇ ಬಿಟ್ಟು ಬಾ ಅಂದಿದ್ದೇವೆ, ಅದಕ್ಕೆ. ಒಂದನೇ ತರಗತಿಯಲ್ಲಿ ‘ಹೆಡ್, ಶೋಲ್ಡರ್ಸ್, ನೀಸ್’ ಅಂತ ಮುಟ್ಟಿ ಮುಟ್ಟಿ ತೋರಿಸಿ ಮೈಯ ಹೆಸರುಗಳನ್ನು ಕಲಿಸುತ್ತೇವೆ. ಆಮೇಲೆ ಹತ್ತನೇ ತರಗತಿಯಲ್ಲಿ, ಅಲ್ಲಿಂದ ಮುಂದೆ ಎಸ್‌ಎಸ್‌ಸಿ ತರದ ನೌಕರಿ ಪರೀಕ್ಷೆಗಳಲ್ಲಿ, ಅದೇ ಹೆಡ್ಡು ಹ್ಯಾಂಡುಗಳನ್ನು ಯಾವುದೋ ಬೇರೆ ಲೋಕದ ಮಂತ್ರದ ಹಾಗೆ ಮುಂದಿಡುತ್ತೇವೆ. ನಡುವಿನ ಹತ್ತು ವರ್ಷದಲ್ಲಿ ಮಗು ಕನ್ನಡದಲ್ಲಿ ತಲೆ ತಿನ್ನುವುದು, ಹೊಟ್ಟೆ ಉರಿಯುವುದು, ಬಾಯಿಗೆ ಬಂದಂತೆ ಬಯ್ಯುವುದು ಎಲ್ಲ ಕಲಿತಿರುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮೈಯ ಹೆಸರನ್ನು ಎಲ್ಲದಕ್ಕೂ ಇಡುವುದು ಒಂದು ದೇಶದವರ ಚಾಳಿಯೂ ಅಲ್ಲ. ಇಟಲಿಯ ವೀಕೋ ಎಂಬ ಪಂಡಿತ 18ನೇ ಶತಮಾನದಲ್ಲೇ ಇದನ್ನು ಗುರುತಿಸಿ ಬರೆದಿದ್ದ. ಜೀವವಿಲ್ಲದ ವಸ್ತುಗಳಿಗೆ ಮನುಷ್ಯ ತನ್ನ ಮೈಯಿಂದಲೇ ಹೆಸರು ಕೊಡುತ್ತಾನೆ, ಎಲ್ಲ ಭಾಷೆಗಳಲ್ಲೂ ಹೀಗೇ ಅನ್ನುವುದು ಅವನ ಮಾತು. ಸೂಜಿಗೆ ಕಣ್ಣು, ಗರಗಸಕ್ಕೆ ಹಲ್ಲು, ಮೇಜಿಗೆ ಕಾಲು. ಕನ್ನಡದಲ್ಲೂ ಅದೇ, ಇಂಗ್ಲಿಷಿನಲ್ಲೂ ಅದೇ. ಕಬ್ಬು ನಾಟಿ ಮಾಡುವವರಿಗೆ ಕೇಳಿ, ಒಂದು ಕಣ್ಣಿನ ತುಂಡೋ ಎರಡು ಕಣ್ಣಿನ ತುಂಡೋ ಅನ್ನುತ್ತಾರೆ. ಇಂಗ್ಲಿಷಿನವರು ಆಲೂಗಡ್ಡೆಯ ಮೊಳಕೆ ಬರುವ ಜಾಗವನ್ನೂ ‘ಐ’ ಅಂತಲೇ ಕರೆಯುತ್ತಾರೆ. ರೈತರ ಕಣ್ಣು ಎಲ್ಲ ಕಡೆ ಒಂದೇ ತರ ನೋಡಿದೆ.

ಕೆಲವು ಕಡೆ ಮಾತ್ರ ದಾರಿ ಬೇರೆಯಾಗುತ್ತದೆ, ಅದು ನೋಡಲು ಚಂದ. ಗಡಿಯಾರಕ್ಕೆ ಇಂಗ್ಲಿಷಿನವರು ಮುಖ ಕೊಟ್ಟರು, ಕೈ ಕೊಟ್ಟರು. ನಾವು ಮುಳ್ಳು ಕೊಟ್ಟೆವು. ಜೋಳದ ತೆನೆಗೆ ಅವರು ‘ಇಯರ್’ ಅನ್ನುತ್ತಾರೆ. ಇದನ್ನು ಮಾತ್ರ ಕಿವಿ ಅಂದುಕೊಂಡು ಮೋಸ ಹೋಗಬೇಡಿ. ಹಳೇ ಇಂಗ್ಲಿಷಿನಲ್ಲಿ ಕಿವಿಗೆ ಒಂದು ಪದ, ತೆನೆಗೆ ಇನ್ನೊಂದು ಪದ ಇತ್ತು. ಕಾಲ ಕಳೆದಂತೆ ಎರಡೂ ಸವೆದು ಒಂದೇ ಆಕಾರಕ್ಕೆ ಬಂದವು. ಆ ತೆನೆಗೂ ಕಿವಿಗೂ ಸಂಬಂಧವಿಲ್ಲ.

ಕೈಯ ವಿಚಾರಕ್ಕೆ ಬರೋಣ. ಎರಡೂ ಭಾಷೆಯಲ್ಲಿ ಹೆಚ್ಚು ದುಡಿಯುವ ಪದ ಇದೇ ಇರಬೇಕು, ಹೆಚ್ಚು ಎಡವಿಸುವುದೂ ಇದೇ.

ಕನ್ನಡದಲ್ಲಿ ಮಳೆ ಕೈಕೊಟ್ಟಿತು, ಕರೆಂಟ್ ಕೈಕೊಟ್ಟಿತು, ನಂಬಿದವನೇ ಕೈಕೊಟ್ಟ ಅಂದರೆ ಮೋಸವಾಯಿತು ಅಂತ. ಇಂಗ್ಲಿಷಿನಲ್ಲಿ ‘ಗಿವ್ ಮಿ ಎ ಹ್ಯಾಂಡ್’ ಅಂದರೆ ಸ್ವಲ್ಪ ಸಹಾಯ ಮಾಡು ಅಂತ. ಪದಕ್ಕೆ ಪದ ಒಂದೇ, ಅರ್ಥ ಪೂರ್ತಿ ಉಲ್ಟಾ. ಪದದಿಂದ ಪದಕ್ಕೆ ಅರ್ಥ ಮಾಡಿಕೊಳ್ಳುವ ಹುಡುಗ ಇಲ್ಲಿ ಬಿದ್ದೇ ಬೀಳುತ್ತಾನೆ. ಆದರೆ ಅವನಿಗೆ ‘ಕೈಜೋಡಿಸು’ ಗೊತ್ತಲ್ಲ? ಊರ ಕೆಲಸಕ್ಕೆ ಎಲ್ಲರೂ ಕೈಜೋಡಿಸಿದರು ಅನ್ನುವುದು ಗೊತ್ತು. ಮೇಷ್ಟ್ರು ‘ಗಿವ್ ಎ ಹ್ಯಾಂಡ್’ ಪಕ್ಕದಲ್ಲಿ ‘ಕೈಕೊಡು ಅಲ್ಲ, ಕೈಜೋಡಿಸು’ ಅಂತ ಮೂರು ಪದ ಬರೆದರೆ ಸಾಕು, ಆ ಹುಡುಗ ಜನ್ಮದಲ್ಲಿ ಮರೆಯುವುದಿಲ್ಲ.

ಇದೇ ಅರ್ಥದ ಇನ್ನೊಂದು ಮಾತು ‘ಲೆಂಡ್ ಎ ಹ್ಯಾಂಡ್’. ಲೆಂಡ್ ಅಂದರೆ ಸಾಲವಾಗಿ ಕೊಡು. ಕೈಯನ್ನು ಸಾಲ ಕೊಡುವುದು! ಪೇಟೆಯಲ್ಲಿ ಬೆಳೆದವರಿಗೆ ಇದು ಬರೀ ಅಲಂಕಾರ. ನಮಗೆ ಹಾಗಲ್ಲ. ನಾಟಿಗೋ ಕೊಯ್ಲಿಗೋ ಈ ವಾರ ನಾನು ನಿಮ್ಮ ಗದ್ದೆಗೆ ಬರುತ್ತೇನೆ, ಮುಂದಿನ ವಾರ ನೀವು ನಮ್ಮ ಗದ್ದೆಗೆ ಬರಬೇಕು. ಮುಯ್ಯಾಳು ಅನ್ನುತ್ತಾರೆ, ನಿಮ್ಮ ಕಡೆ ಬೇರೆ ಹೆಸರಿರಬಹುದು. ಕೈಯನ್ನು ಸಾಲ ಕೊಟ್ಟು, ಕೈಯನ್ನೇ ವಾಪಸು ಪಡೆಯುವ ಪದ್ಧತಿ ಇದು. ‘ಲೆಂಡ್ ಎ ಹ್ಯಾಂಡ್’ ಅನ್ನುವುದನ್ನು ಮುಯ್ಯಾಳು ಕಂಡ ಮಗುವಿಗಿಂತ ಚೆನ್ನಾಗಿ ಯಾರು ಅರ್ಥ ಮಾಡಿಕೊಂಡಾರು? ಆದರೆ ಯಾವ ಗೈಡಿನಲ್ಲೂ ನಾನು ಮುಯ್ಯಾಳು ಅನ್ನುವ ಪದ ನೋಡಿಲ್ಲ.

ಕೈಗೆ ಇಂಗ್ಲಿಷಿನಲ್ಲಿ ಇನ್ನೊಂದು ಮುಖವೂ ಇದೆ, ಅಷ್ಟು ಚಂದದ್ದಲ್ಲ. ಕೂಲಿಯಾಳುಗಳನ್ನು ಅವರು ‘ಹ್ಯಾಂಡ್ಸ್’ ಅಂತಲೇ ಕರೆಯುತ್ತಿದ್ದರು. ಹೊಲದಲ್ಲಿ ದುಡಿಯುವವರು ‘ಫಾರ್ಮ್ ಹ್ಯಾಂಡ್ಸ್’, ಗಿರಣಿಯಲ್ಲಿ ದುಡಿಯುವವರು ಬರೀ ‘ಹ್ಯಾಂಡ್ಸ್’. ಚಾರ್ಲ್ಸ್ ಡಿಕನ್ಸ್ 1854ರಲ್ಲಿ ಬರೆದ ‘ಹಾರ್ಡ್ ಟೈಮ್ಸ್’ ಕಾದಂಬರಿಯಲ್ಲಿ ಈ ಹೆಸರನ್ನೇ ಹಿಡಿದು ಚುಚ್ಚುತ್ತಾನೆ. ಮಾಲೀಕನಿಗೆ ಬೇಕಾಗಿದ್ದು ಕೈ ಮಾತ್ರ, ಆ ಕೈಗೆ ಅಂಟಿಕೊಂಡ ಮನುಷ್ಯ ಬೇಡ. ನಮ್ಮ ‘ಆಳು’ ಅನ್ನುವ ಪದದಲ್ಲಿ ಕನಿಷ್ಠ ಇಡೀ ಮನುಷ್ಯ ಇದ್ದಾನೆ. (ಕೂಲಿ ಕೊಡುವಾಗ ಇಡೀ ಮನುಷ್ಯನಿಗೆ ಕೊಡುತ್ತೇವೋ ಇಲ್ಲವೋ, ಅದು ಬೇರೆ ಮಾತು.) ಇವತ್ತಿಗೂ ಕಂಪನಿಗಳಲ್ಲಿ ಎಲ್ಲ ನೌಕರರನ್ನೂ ಸೇರಿಸಿ ಮಾಡುವ ಸಭೆಗೆ ‘ಆಲ್ ಹ್ಯಾಂಡ್ಸ್ ಮೀಟಿಂಗ್’ ಅನ್ನುತ್ತಾರೆ. ಹಡಗಿನಲ್ಲಿ ಎಲ್ಲ ಕೆಲಸಗಾರರನ್ನೂ ಮೇಲೆ ಕರೆಯುವ ಕೂಗಿನಿಂದ ಬಂದದ್ದು. ಲೆಕ್ಕ ಹಾಕುವಾಗ ಮಾತ್ರ ಕೈ ಬಿಟ್ಟು ತಲೆಗೆ ಹೋಗುತ್ತಾರೆ, ‘ಹೆಡ್‌ಕೌಂಟ್’. ಅದರಲ್ಲಿ ನಾವೂ ಹಿಂದೆ ಬಿದ್ದಿಲ್ಲ. ಸರ್ಕಾರದ ‘ತಲಾ ಆದಾಯ’ದ ತಲಾ ಅಂದರೆ ತಲೆಯೇ. ಇಂಗ್ಲಿಷಿನ ‘ಪರ್ ಕ್ಯಾಪಿಟಾ’ ಕೂಡ ಲ್ಯಾಟಿನ್ನಿನಲ್ಲಿ ತಲೆ ಲೆಕ್ಕವೇ.

ಕೆಲಸ ಹುಡುಕುವ ನಮ್ಮ ಹುಡುಗರಿಗೆ ಇದು ಪಾಂಡಿತ್ಯದ ವಿಷಯವಲ್ಲ. ಜಾಹೀರಾತಿನಲ್ಲಿ ‘ಹ್ಯಾಂಡ್ಸ್ ಆನ್ ಎಕ್ಸ್‌ಪೀರಿಯನ್ಸ್’ ಬೇಕು ಅಂತ ಇರುತ್ತದೆ. ಕೈಯಾರೆ ಮಾಡಿದ ಅನುಭವ ಬೇಕು ಅಂತ ಅಷ್ಟೇ. ಐಟಿಐ ಮುಗಿಸಿ ಎರಡು ವರ್ಷ ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿಕೊಂಡ ಹುಡುಗನ ಹತ್ತಿರ ಇರುವುದು ಅದೇ. ಆದರೆ ಆ ಮಾತು ನೋಡಿ ‘ಇದು ನಮಗಲ್ಲ’ ಅಂತ ಪುಟ ತಿರುಗಿಸುತ್ತಾನೆ. ಸೂಪರ್‌ವೈಸರ್ ‘ರಜೆ ಹಾಕುವ ಮೊದಲು ಹೆಡ್ಸ್‌ಅಪ್ ಕೊಡು’ ಅಂತ ಮೆಸೇಜು ಹಾಕಿದರೆ ತಲೆ ಎತ್ತುವುದಲ್ಲ, ಮುಂಚೆಯೇ ಒಂದು ಮಾತು ತಿಳಿಸು ಅಂತ. ಇಂಥ ಹತ್ತು ಮಾತು ಗೊತ್ತಿಲ್ಲದೆ ಮೊದಲ ತಿಂಗಳೇ ಮುಖ ಸಣ್ಣ ಮಾಡಿಕೊಂಡು ಊರಿಗೆ ವಾಪಸಾದವರಿದ್ದಾರೆ. ಕೆಲಸ ಬಾರದೆ ಬಂದವರಲ್ಲ ಅವರು.

ಹೊಟ್ಟೆ, ಕರುಳು, ಎದೆಗಳ ವಿಷಯದಲ್ಲಿ ಎರಡು ಭಾಷೆಗಳು ನಿಜವಾಗಿ ಬೇರೆ ಬೇರೆ ದಾರಿ ಹಿಡಿದಿವೆ. ಮತ್ಸರವನ್ನು ಇಂಗ್ಲಿಷ್ ಕಣ್ಣಿನಲ್ಲಿ ಇಟ್ಟಿದೆ, ಅದೂ ಹಸಿರು ಕಣ್ಣು. ನಾವು ಹೊಟ್ಟೆಯಲ್ಲಿ ಕಿಚ್ಚು ಹಚ್ಚಿದ್ದೇವೆ. ಅದೇ ಹೊಟ್ಟೆಯಲ್ಲಿ ಕ್ಷಮೆಯೂ ಇದೆ. ‘ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ’ ಅನ್ನುತ್ತೇವೆ. ಇದನ್ನು ಪದಕ್ಕೆ ಪದ ಇಂಗ್ಲಿಷಿಗೆ ಹಾಕಿದರೆ ನಿಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾರು. ಆದರೆ ಇಂಗ್ಲಿಷಿನಲ್ಲಿ ‘ಐ ಕಾಂಟ್ ಸ್ಟಮಕ್ ಇಟ್’ ಅನ್ನುವ ಮಾತಿದೆ. ಆ ಮಾತನ್ನು ನನ್ನಿಂದ ಅರಗಿಸಿಕೊಳ್ಳಲು ಆಗುವುದಿಲ್ಲ ಅಂತ. ಹಾಗೆ ನೋಡಿದರೆ ಹೊಟ್ಟೆಗೆ ಹಾಕಿಕೊಳ್ಳುವುದು, ಅರಗಿಸಿಕೊಳ್ಳುವುದು ಅವರಿಗೂ ಗೊತ್ತು, ಆಗುವುದಿಲ್ಲ ಅನ್ನುವಾಗ ಹೆಚ್ಚು ನೆನಪಾಗುತ್ತದೆ.

ಕರುಳು ನನಗೆ ಎಲ್ಲಕ್ಕಿಂತ ಅಚ್ಚರಿ ತಂದ ಪದ. ಇಂಗ್ಲಿಷಿನಲ್ಲಿ ‘ಗಟ್ಸ್’ ಅಂದರೆ ಧೈರ್ಯ. ಅವನಿಗೆ ಗಟ್ಸ್ ಇದೆ ಅಂತ ನಮ್ಮ ಸಿನಿಮಾ ಡೈಲಾಗಿನಲ್ಲೂ ಬಂದಿದೆ. ಗಟ್ಸ್ ಅಂದರೆ ಕರುಳು. ಕನ್ನಡದಲ್ಲಿ ಕರುಳು ಅಂದರೆ ಹೆತ್ತ ಪ್ರೀತಿ, ಮರುಕ. ಕರುಳು ಚುರುಕ್ ಅಂತು, ಕರುಳಿನ ಕುಡಿ, ಹೆತ್ತ ಕರುಳು. ಅವರ ಕರುಳು ಗಂಡಸಿನ ಮೀಸೆಯ ಕಡೆ ಹೋಯಿತು, ನಮ್ಮ ಕರುಳು ತಾಯಿಯ ಮಡಿಲಿನ ಕಡೆ. ಇಲ್ಲಿಗೆ ನಿಲ್ಲಿಸಿ ‘ನೋಡಿ, ನಮ್ಮ ಸಂಸ್ಕೃತಿ ಎಷ್ಟು ದೊಡ್ಡದು’ ಅಂತ ಭಾಷಣ ಮಾಡುವವರು ಸಿಗುತ್ತಾರೆ. ಅವರು ಇನ್ನು ಸ್ವಲ್ಪ ಹಿಂದಕ್ಕೆ ಹೋಗಬೇಕು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನಲ್ಲಿ ಕರುಣೆ ಅನ್ನಬೇಕಾದ ಕಡೆ ‘ಬವೆಲ್ಸ್’, ಅಂದರೆ ಕರುಳು, ಅನ್ನುವ ಪದವೇ ಇದೆ. ನಾನೂರು ವರ್ಷದ ಹಿಂದೆ ಅವರ ಪುಸ್ತಕದಲ್ಲೂ ಕರುಳು ಚುರುಕ್ ಅನ್ನುತ್ತಿತ್ತು. ಆಮೇಲಿನ ಇಂಗ್ಲಿಷ್ ಅನುವಾದಗಳು ಅದನ್ನು ತೆಗೆದು ಹೃದಯ, ದಯೆ ಅಂತ ಹಾಕಿಕೊಂಡವು.

ಇಂಗ್ಲಿಷಿನಲ್ಲಿ ಈಗ ಹೆಚ್ಚು ಭಾರ ಹೊರುತ್ತಿರುವುದು ಹೃದಯವೇ. ಪ್ರೀತಿ ಅಲ್ಲೇ, ಧೈರ್ಯ ಅಲ್ಲೇ. ‘ಕರೇಜ್’ ಅನ್ನುವ ಪದ ಹುಟ್ಟಿದ್ದೇ ಹೃದಯ ಅನ್ನುವ ಅರ್ಥದ ಹಳೆಯ ಪದದಿಂದ. ನಮ್ಮ ‘ಎದೆಗಾರಿಕೆ’ಯ ಹಾಗೆ. ನೆನಪೂ ಅವರಿಗೆ ಹೃದಯದಲ್ಲೇ, ‘ಬೈ ಹಾರ್ಟ್’. ಫ್ರೆಂಚರೂ ಹೀಗೇ ಅನ್ನುತ್ತಾರೆ. ನಮಗೆ ಅದು ಬಾಯಿಪಾಠ, ಸ್ವಲ್ಪ ಗಂಭೀರವಾಗಿ ಹೇಳಿದರೆ ಕಂಠಪಾಠ. ಹೃದಯದವರೆಗೂ ಇಳಿಯುತ್ತದೆ ಅಂತ ನಾವು ಹೇಳಿಕೊಂಡಿಲ್ಲ, ಗಂಟಲಿನಲ್ಲೇ ನಿಲ್ಲಿಸಿದ್ದೇವೆ. ನಮ್ಮ ಶಾಲೆಗಳಲ್ಲಿ ನಡೆಯುವುದಕ್ಕೆ ಕನ್ನಡದ ಪದವೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ ನನಗೆ.

ಒಂದು ಇಂಗ್ಲಿಷ್ ಮೈಮಾತು ನಮ್ಮ ರೈತರ ಬದುಕಿನಲ್ಲಿ ಎಷ್ಟು ಬೇರೂರಿದೆ ಅಂದರೆ ಅದು ಇಂಗ್ಲಿಷ್ ಅನ್ನುವುದೇ ಮರೆತುಹೋಗಿದೆ: ‘ಟೇಲ್ ಎಂಡ್’. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಗಿರುವ ರಾಯಚೂರು, ಮಾನ್ವಿ ಕಡೆಯ ರೈತರನ್ನು ಕೇಳಿ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಮದ್ದೂರು, ಮಳವಳ್ಳಿ ಕಡೆಯವರನ್ನು ಕೇಳಿ. ‘ನಮ್ಮದು ಟೇಲ್ ಎಂಡು, ನೀರು ಬರಲ್ಲ’ ಅನ್ನುತ್ತಾರೆ. ಕಾಲುವೆಯನ್ನು ಒಂದು ಪ್ರಾಣಿ ಅಂದುಕೊಂಡರೆ ಅಣೆಕಟ್ಟಿನ ಹತ್ತಿರ ತಲೆ, ಕೊನೆಯಲ್ಲಿ ಬಾಲ. ಎಂಜಿನಿಯರುಗಳ ಭಾಷೆಯಲ್ಲಿ ಮೇಲಿನವರು ‘ಹೆಡ್ ರೀಚ್’, ಕೆಳಗಿನವರು ‘ಟೇಲ್ ಎಂಡ್’. ತಲೆ ಕುಡಿದು ಮಿಕ್ಕಿದ್ದು ಬಾಲಕ್ಕೆ. ಅರ್ಜಿ ಬರೆಯುವಾಗ, ಅಧಿಕಾರಿಯ ಮುಂದೆ ನಿಂತಾಗ, ಪ್ರತಿಭಟನೆಯ ಬ್ಯಾನರಿನಲ್ಲಿ, ಎಲ್ಲ ಕಡೆ ಈ ಪದ ಬಳಸುತ್ತಾರೆ. ಒಂದು ದಿನ ಕೂಡ ಶಾಲೆಗೆ ಹೋಗದವರೂ ಸರಿಯಾಗಿ ಬಳಸುತ್ತಾರೆ. ಯಾಕೆ? ಅದರ ಬಿಸಿ ಅವರ ಹೊಲಕ್ಕೆ ತಟ್ಟಿದೆ. ಬೇಕಾದ ಮಾತನ್ನು, ಎದುರಿಗೆ ಕಂಡ ವಸ್ತುವಿನ ಜೊತೆ ಕಲಿತರೆ ಗೈಡು ಬೇಡ ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಾಗೆ ಕಲಿಸಲು ಹೊರಟರೆ ಅರ್ಧ ಕೆಲಸ ಮೊದಲೇ ಮುಗಿದಿರುತ್ತದೆ. ಮೂಗು ತೂರಿಸುವುದು ಇಂಗ್ಲಿಷಿನಲ್ಲೂ ಮೂಗು ತೂರಿಸುವುದೇ. ಕಣ್ಣಿಡುವುದು ಕಣ್ಣಿಡುವುದೇ. ಬೆನ್ನ ಹಿಂದೆ ಮಾತಾಡುವುದು, ನಾಲಿಗೆ ತುದಿಯಲ್ಲಿದೆ ಬಾಯಿಗೆ ಬರುತ್ತಿಲ್ಲ ಅನ್ನುವುದು, ಕುತ್ತಿಗೆವರೆಗೂ ಸಾಲ, ಬಲಗೈ ಬಂಟ, ಎಲ್ಲಾ ಹಾಗೆ ಹಾಗೇ ಇವೆ. ಇನ್ನು ಕೆಲವಕ್ಕೆ ಅಂಗ ಬದಲಾಗುತ್ತದೆ, ಅಷ್ಟೇ. ನಮಗೆ ತಲೆನೋವಾದವನು ಅವರಿಗೆ ಕತ್ತುನೋವು. ನಮಗೆ ಜೀವ ಬಾಯಿಗೆ ಬರುತ್ತದೆ, ಅವರಿಗೆ ಹೃದಯ ಬಾಯಿಗೆ ಬರುತ್ತದೆ. ಯಾರು ನೆಟ್ಟರೂ ಗಿಡ ಒಣಗುತ್ತದೆ, ಅಜ್ಜಿ ನೆಟ್ಟರೆ ಮಾತ್ರ ಚಿಗುರುತ್ತದೆ, ಅವರ ಕೈಗುಣ ಅಂತೀವಲ್ಲ, ಅದಕ್ಕೆ ಇಂಗ್ಲಿಷಿನವರು ‘ಗ್ರೀನ್ ಫಿಂಗರ್ಸ್’ ಅನ್ನುತ್ತಾರೆ, ಅಮೆರಿಕದವರು ‘ಗ್ರೀನ್ ಥಂಬ್’. ನಮ್ಮ ಕೈಗುಣ ಡಾಕ್ಟರಿಗೂ ಅಡುಗೆಯವರಿಗೂ ಆಗುತ್ತದೆ, ಅವರದು ತೋಟಕ್ಕೆ ಮಾತ್ರ. ನಮ್ಮದೇ ದೊಡ್ಡ ಪದ.

ಸಮಯ ಕೊಡಬೇಕಾದದ್ದು ಮೋಸ ಮಾಡುವ ಮಾತುಗಳಿಗೆ. ‘ಆಲ್ ಥಂಬ್ಸ್’ ಅಂದರೆ ನಮ್ಮ ಹುಡುಗ ಹೆಬ್ಬೆಟ್ಟು ಅಂದುಕೊಳ್ಳುತ್ತಾನೆ, ಓದು ಬಾರದವನು ಅಂತ. ಅಲ್ಲ, ಕೈಗೆ ಚುರುಕಿಲ್ಲದೆ ಹಿಡಿದದ್ದನ್ನೆಲ್ಲ ಬೀಳಿಸುವವನು ಅಂತ. ‘ವನ್ ಹ್ಯಾಂಡ್ಸ್ ಡೌನ್’ ಅಂದರೆ ಕೈ ಕೆಳಗಾಯಿತು, ಸೋತ ಅನ್ನಿಸುತ್ತದೆ. ಅದು ಸಲೀಸಾಗಿ ಗೆದ್ದ ಅಂತ. ಕುದುರೆ ಪಂದ್ಯದಲ್ಲಿ ಗೆಲುವು ಖಾತ್ರಿಯಾದ ಸವಾರ ಲಗಾಮು ಸಡಿಲಿಸಿ ಕೈ ಇಳಿಸುತ್ತಿದ್ದುದರಿಂದ ಬಂದ ಮಾತು. ‘ಪುಟ್ ಯುವರ್ ಫುಟ್ ಡೌನ್’ ಅನ್ನುವುದು ಕಾಲಿಡುವುದಲ್ಲ, ಪಟ್ಟು ಹಿಡಿಯುವುದು. ಕಾಲೆಳೆಯುವುದು ಇನ್ನೂ ಸ್ವಾರಸ್ಯ. ನಮ್ಮಲ್ಲಿ ಅದು ಮೇಲೆ ಹತ್ತುವವನನ್ನು ಕೆಳಗೆ ಬೀಳಿಸುವ ಕೆಟ್ಟ ಕೆಲಸವಾಗಿತ್ತು. ಇಂಗ್ಲಿಷಿನ ‘ಪುಲ್ಲಿಂಗ್ ಲೆಗ್’ ಬರೀ ತಮಾಷೆ. ಈಗ ನಮ್ಮ ಪತ್ರಿಕೆ, ಟಿವಿಗಳಲ್ಲಿ ‘ಕಾಲೆಳೆದ ನೆಟ್ಟಿಗರು’ ಅಂತ ದಿನಾ ಬಂದು ಕನ್ನಡದ ಕಾಲೆಳೆತವೂ ತಮಾಷೆಯ ಕಡೆ ವಾಲಿಕೊಂಡಿದೆ. ಯಾವ ಅರ್ಥದಲ್ಲಿ ಎಳೆದರು ಅಂತ ಸಂದರ್ಭ ನೋಡಿ ತಿಳಿಯಬೇಕು.

ಇಂಥ ಗೊಂದಲ ಆ ಕಡೆಯಿಂದಲೂ ಆಗುತ್ತದೆ ಅನ್ನುವುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಕರ್ನಾಟಕದಲ್ಲಿ ಎಡಗೈ, ಬಲಗೈ ಅಂದರೆ ಪರಿಶಿಷ್ಟ ಜಾತಿಯ ಒಳಗಿನ ಗುಂಪುಗಳ ಹೆಸರು, ಒಳಮೀಸಲಾತಿಯ ಸುದ್ದಿ ಓದಿದವರಿಗೆಲ್ಲ ಗೊತ್ತು. ಇಂಗ್ಲಿಷ್ ಪತ್ರಿಕೆಗಳಲ್ಲಿ ಅದು ‘ಲೆಫ್ಟ್’, ‘ರೈಟ್’ ಅಂತ ಬಂದಾಗ ಹೊರಗಿನವರು ಎಡಪಂಥ ಬಲಪಂಥ ಅಂದುಕೊಂಡರೆ ತಪ್ಪೇನೂ ಇಲ್ಲ. ಭಾಷೆ ಗೊತ್ತಿಲ್ಲ ಅಂತ ಅಲ್ಲ, ಊರು ಗೊತ್ತಿಲ್ಲ.

ಒಂದು ಮಾತಿನ ಬಗ್ಗೆ ನನಗೆ ಎರಡೂ ಭಾಷೆಯಲ್ಲಿ ತಕರಾರಿದೆ. ‘ಟರ್ನ್ ಎ ಬ್ಲೈಂಡ್ ಐ’ ಅಂದರೆ ಕಂಡೂ ಕಾಣದಂತೆ ಇರುವುದು. ಈ ಮಾತಿನ ಜೊತೆ ಅಂಟಿಕೊಂಡಿರುವ ಕಥೆ ಬ್ರಿಟನ್ನಿನ ನೌಕಾಪಡೆಯ ನೆಲ್ಸನ್‌ದು. 1801ರ ಕೋಪನ್‌ಹೇಗನ್ ಕದನದಲ್ಲಿ ಯುದ್ಧ ನಿಲ್ಲಿಸು ಅನ್ನುವ ಸಂಕೇತ ಬಂದಾಗ ಅವನು ದುರ್ಬೀನನ್ನು ತನ್ನ ಕಾಣದ ಕಣ್ಣಿಗೆ ಹಿಡಿದು, ನನಗೇನೂ ಕಾಣುತ್ತಿಲ್ಲ ಅಂದನಂತೆ. ಕನ್ನಡದಲ್ಲಿ ಇದಕ್ಕೆ ಜಾಣಗುರುಡು ಅನ್ನುತ್ತೇವೆ. ಕಣ್ಣು ಕಾಣದವರು ಬೇಕೆಂದು ಯಾವುದನ್ನೂ ನೋಡದೆ ಇರುವುದಿಲ್ಲ. ಬೇಕೆಂದೇ ನೋಡದೆ ಇರುವುದು ಕಣ್ಣಿದ್ದವರ ಕಸುಬು, ಹೆಸರು ಮಾತ್ರ ಅವರಿಗೆ. ‘ಕಂಡೂ ಕಾಣದಂತೆ’ ಅಂದರೆ ಸಾಕಾಗುತ್ತದೆ.

ಇನ್ನು ನಾಚಿಕೆಯ ವಿಷಯ. ನಮ್ಮವರು ‘ಹ್ಯಾಂಡ್ ಲೋನ್ ತಗೊಂಡೆ’ ಅಂದರೆ, ‘ಡೋಂಟ್ ಈಟ್ ಮೈ ಹೆಡ್’ ಅಂದರೆ ನಗುವವರಿದ್ದಾರೆ. ಇಂಗ್ಲೆಂಡಿನಲ್ಲಿ ಹೀಗೆ ಹೇಳುವುದಿಲ್ಲ ನಿಜ. ಆದರೆ ಹ್ಯಾಂಡ್ ಲೋನ್ ಅನ್ನುವುದು ಕೈಸಾಲವನ್ನು ಇಂಗ್ಲಿಷಿಗೆ ಕರೆದುಕೊಂಡು ಬಂದ ಪದ. ಕಾಗದ ಪತ್ರ ಇಲ್ಲದೆ, ನಂಬಿಕೆಯ ಮೇಲೆ ಕೈಯಿಂದ ಕೈಗೆ ಹೋಗುವ ಸಾಲ. ಇವತ್ತು ವಕೀಲರ ನೋಟಿಸಿನಲ್ಲೂ ಚೆಕ್ ಬೌನ್ಸ್ ಕೇಸುಗಳಲ್ಲೂ ಈ ಪದ ಓಡಾಡುತ್ತಿದೆ. ಸಂಬಳದ ‘ಇನ್‌ಹ್ಯಾಂಡ್’ ಕೂಡ ನಮ್ಮ ದೇಶದ ಇಂಗ್ಲಿಷೇ, ಅವರು ‘ಟೇಕ್ ಹೋಮ್’ ಅನ್ನುತ್ತಾರೆ, ಮನೆಗೆ ಒಯ್ಯುವ ಹಣ. ತಲೆ ತಿನ್ನುವುದನ್ನು ನೋಡಿ ನಗುವವರು, ಇಂಗ್ಲೆಂಡಿನವರು ಅದೇ ಅರ್ಥದಲ್ಲಿ ‘ಡೂಯಿಂಗ್ ಮೈ ಹೆಡ್ ಇನ್’ ಅನ್ನುವುದನ್ನೂ ಕೇಳಬೇಕು. ಯಾವುದು ಹೆಚ್ಚು ವಿಚಿತ್ರ? ಪರೀಕ್ಷೆಯಲ್ಲಿ ಯಾವುದಕ್ಕೆ ಮಾರ್ಕು ಅಂತ ಮಕ್ಕಳಿಗೆ ಗೊತ್ತಿರಬೇಕು, ಅಷ್ಟು ಸಾಕು. ಅದಕ್ಕೆ ಅವರ ಮುಖ ಕೆಂಪಾಗಬೇಕಿಲ್ಲ.

ನನ್ನ ಈ ವಾದಕ್ಕೆ ಇಂಗ್ಲಿಷ್ ಕಲಿಸುವ ಕೆಲವು ಗೆಳೆಯರು ಒಪ್ಪುವುದಿಲ್ಲ. ಎಲ್ಲದಕ್ಕೂ ಕನ್ನಡ ತಂದರೆ ಮಕ್ಕಳು ಮನಸ್ಸಿನಲ್ಲಿ ಅನುವಾದ ಮಾಡುತ್ತಾ ಕೂರುತ್ತಾರೆ, ಬಾಯಿ ತೆರೆಯುವುದಿಲ್ಲ ಅನ್ನುತ್ತಾರೆ. ಮಾತಾಡಲು ಕಲಿಸುವಾಗ ಈ ಭಯಕ್ಕೆ ಅರ್ಥವಿದೆ. ‘ನಿನ್ನ ಹೆಸರೇನು’ ಅನ್ನುವುದನ್ನು ದಿನಾ ಅನುವಾದ ಮಾಡಬೇಕಿಲ್ಲ. ಆದರೆ ಮೈಮಾತಿನ ವಿಷಯ ಬೇರೆ. ಒಂದು ಸಲ ಕನ್ನಡದ ಮಾತಿನ ಪಕ್ಕ ನಿಲ್ಲಿಸಿ ನೋಡಿದರೆ ಆಮೇಲೆ ಅದರ ಹಂಗು ಬೇಕಾಗುವುದಿಲ್ಲ. ಪಕ್ಕ ನಿಲ್ಲಿಸದೇ ಇದ್ದರೆ ಮಗು ಗುಟ್ಟಾಗಿ ತಾನೇ ನಿಲ್ಲಿಸುತ್ತದೆ, ತಪ್ಪಾಗಿ ನಿಲ್ಲಿಸುತ್ತದೆ. ಕೈಕೊಡುವುದರ ಪಕ್ಕ ‘ಗಿವ್ ಎ ಹ್ಯಾಂಡ್’.

ಇದು ಹೊಸ ಯೋಚನೆಯೂ ಅಲ್ಲ. ಜರ್ಮನಿಯಿಂದ ಬಂದ ಕಿಟ್ಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಪದದ ಅರ್ಥ ಬರೆದು ಸುಮ್ಮನಾಗಲಿಲ್ಲ. ಜನ ಆ ಪದವನ್ನು ಹೇಗೆ ಆಡುತ್ತಾರೆ, ಯಾವ ಗಾದೆಯಲ್ಲಿ ಹಾಕುತ್ತಾರೆ ಅನ್ನುವುದನ್ನೂ ಕೊಟ್ಟ. ಪರದೇಶದವನಿಗೆ ನಮ್ಮ ಭಾಷೆ ಕಲಿಯಲು ಬೇಕಾದದ್ದು ಅದು. ನಮ್ಮ ಮಕ್ಕಳು ಪರದೇಶದ ಭಾಷೆ ಕಲಿಯುವಾಗ ಬೇಕಾದದ್ದೂ ಅದೇ ಅಲ್ಲವೇ?

ಕ್ಲಾಸಿನಲ್ಲಿ ಮಾಡುವುದು ಕಷ್ಟವೇನಲ್ಲ. ಬೋರ್ಡಿನ ಮೇಲೆ ‘ಕೈ’ ಅಂತ ಬರೆದು, ಕೈ ಇಟ್ಟುಕೊಂಡು ನಿಮ್ಮ ಮನೆಯಲ್ಲಿ ಏನೇನು ಮಾತಾಡುತ್ತಾರೆ ಹೇಳಿ ಅಂತ ಕೇಳಬೇಕು. ಕೈಗೆಟುಕದ್ದು, ಕೈಬಿಟ್ಟಿದ್ದು, ಕೈಮೀರಿದ್ದು, ಕೈಹಿಡಿದಿದ್ದು, ಕೈಯೆತ್ತಿದ್ದು. ಹತ್ತು ನಿಮಿಷದಲ್ಲಿ ಬೋರ್ಡು ತುಂಬುತ್ತದೆ. ಹಿಂದಿನ ಬೆಂಚಿನವರೇ ಹೆಚ್ಚು ಹೇಳುತ್ತಾರೆ. ಆಮೇಲೆ ಗೈಡಿನ ಪಟ್ಟಿ ಬಿಚ್ಚಿ ಒಂದೊಂದನ್ನೇ ಜೊತೆ ಮಾಡಬೇಕು. ಕೈಮೀರಿದ್ದು ‘ಔಟ್ ಆಫ್ ಹ್ಯಾಂಡ್’ ಅಂತ ಹೇಳಿಕೊಡಬೇಕಾಗಿಯೇ ಬರುವುದಿಲ್ಲ, ಯಾರೋ ಒಬ್ಬರು ಕೂಗುತ್ತಾರೆ. ಜೊತೆ ಸಿಗದೆ ಉಳಿದವನ್ನು ಮಾತ್ರ ಬೈಹಾರ್ಟ್ ಮಾಡಲಿ. ಕನ್ನಡದ ಕಡೆಯೂ ಕೆಲವು ಜೊತೆಯಿಲ್ಲದೆ ಉಳಿಯುತ್ತವೆ. ಹಣೆಬರಹಕ್ಕೆ ಇಂಗ್ಲಿಷಿನಲ್ಲಿ ಹಣೆ ಸಿಗುವುದಿಲ್ಲ, ಚುನಾವಣೆಗೆ ಮುಂಚೆ ನಮ್ಮ ಮೂಗಿಗೆ ಸವರುವ ತುಪ್ಪವೂ ಅಲ್ಲಿ ಸಿಗುವುದಿಲ್ಲ.

ಪಟ್ಟಿ ಮಾಡುವವರಿಗೂ ಒಂದು ಮಾತು. ಗೈಡುಗಳಲ್ಲಿರುವ ಎಷ್ಟೋ ಮಾತುಗಳನ್ನು ಇಂಗ್ಲಿಷಿನವರೇ ಈಗ ಅಪರೂಪಕ್ಕೆ ಆಡುತ್ತಾರೆ. ಓಡಿಹೋಗುವುದಕ್ಕೆ ‘ಷೋ ಎ ಕ್ಲೀನ್ ಪೇರ್ ಆಫ್ ಹೀಲ್ಸ್’ ಅಂತ ಯಾವ ಆಫೀಸಿನಲ್ಲಿ ಅನ್ನುತ್ತಾರೆ? ಅದರ ಬದಲು ಹ್ಯಾಂಡ್ಸ್ ಆನ್, ಹೆಡ್ಸ್‌ಅಪ್, ಹೆಡ್‌ಕೌಂಟ್, ಖರ್ಚು ಭರಿಸುವ ‘ಫುಟ್ ದ ಬಿಲ್’, ನಾಳೆ ಕೆಲಸಕ್ಕೆ ಹೋದಾಗ ಕಿವಿಗೆ ಬೀಳುವ ಮಾತುಗಳನ್ನು ಹಾಕಿ.

ಆದರೆ ಮೇಷ್ಟ್ರು ಇಷ್ಟೆಲ್ಲ ಮಾಡಲು ಹೋದರೆ ಪೋರ್ಷನ್ ಮುಗಿಯುವುದಿಲ್ಲ, ಅದೂ ನನಗೆ ಗೊತ್ತು. ಪ್ರಶ್ನೆಪತ್ರಿಕೆ ಕೇಳದೇ ಇರುವುದನ್ನು ನಮ್ಮ ಶಾಲೆಗಳಲ್ಲಿ ಯಾರೂ ಕಲಿಸುವುದಿಲ್ಲ, ಕಲಿಸಲು ಬಿಡುವುದೂ ಇಲ್ಲ. ಹಾಗಾಗಿ ಕೇಳಬೇಕಾದದ್ದು ಪ್ರಶ್ನೆಪತ್ರಿಕೆ ತೆಗೆಯುವವರನ್ನೇ. ಐದು ಇಂಗ್ಲಿಷ್ ಮಾತು ಕೊಟ್ಟು, ‘ಇದನ್ನು ನಿಮ್ಮ ಊರಿನಲ್ಲಿ ಹೇಗೆ ಹೇಳುತ್ತಾರೆ? ಕನ್ನಡದಲ್ಲಿ ಬರೆಯಿರಿ’ ಅಂತ ಒಂದು ಪ್ರಶ್ನೆ ಇಡಿ. ಐದು ಮಾರ್ಕು ಸಾಕು. ಮುಂದಿನ ವರ್ಷದ ಗೈಡಿನಲ್ಲಿ ಬಲಗಡೆಯ ಸಾಲು ತಾನಾಗಿ ಬದಲಾಗಿರುತ್ತದೆ, ‘ಲೆಂಡ್ ಎ ಹ್ಯಾಂಡ್’ ಎದುರಿಗೆ ಮುಯ್ಯಾಳು ಅಂತ ಅಚ್ಚಾಗಿರುತ್ತದೆ.